ಕೂಡಲಸಂಗಮಕ್ಕೆ ಗೋಡೆ, ಚಿಕ್ಕಸಂಗಮಕ್ಕೆ ಹಿನ್ನೀರು

ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಜಲಾಶಯಕ್ಕೆ ಬಸವಸಾಗರ ಎಂದು ಹೆಸರಿಟ್ಟಿದ್ದೇವೆ. ಬಸವಣ್ಣನವರು ಐಕ್ಯರಾದ ಜಾಗವನ್ನು ನುಂಗಲು ಬಂದದ್ದೂ ಅದೇ ಬಸವಸಾಗರದ ನೀರು. ಮಲಪ್ರಭೆ ಬಂದು ಕೃಷ್ಣೆಯನ್ನು ಕೂಡುವ ಹುನಗುಂದ ಸೀಮೆಯ ಕೂಡಲಸಂಗಮ ಈ ಹಿನ್ನೀರಿನ ಮೇಲ್ತುದಿಯಲ್ಲಿದೆ. ಚಾಲುಕ್ಯ ಶೈಲಿಯ ಸಂಗಮನಾಥನ ಗುಡಿ ದಂಡೆಯ ಮೇಲಿದ್ದುದರಿಂದ ಉಳಿಯಿತು. ಅದರ ಎದುರಿಗೆ ನೀರಿನ ಪಾಲಾಗಬೇಕಿದ್ದ ಐಕ್ಯಲಿಂಗವನ್ನು ಇದ್ದ ನೆಲದಲ್ಲೇ ಬಿಟ್ಟು, ಸುತ್ತ ಬಾವಿಯ ಹಾಗೆ ದುಂಡನೆಯ ಗೋಡೆ ಎಬ್ಬಿಸಿ, ದಂಡೆಯಿಂದ ಅಲ್ಲಿಗೆ ಸೇತುವೆ ಹಾಕಿದರು. ಭಕ್ತರು ಇಂದು ನೀರಿನ ಮೇಲೆ ನಡೆದುಹೋಗಿ, ಮೆಟ್ಟಿಲಿಳಿದು, ನೀರಿನ ಮಟ್ಟಕ್ಕಿಂತ ಕೆಳಗೆ ನಿಂತು ಕೈಮುಗಿಯುತ್ತಾರೆ. ಅಣೆಕಟ್ಟು ಕಟ್ಟುವವರೂ ಗುಡಿ ಉಳಿಸುವವರೂ ಒಂದೇ ನಕ್ಷೆಯ ಮುಂದೆ ಕೂತರೆ ಏನು ಸಾಧ್ಯ ಎಂಬುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಇದೇ ಬಾಗಲಕೋಟೆ ಜಿಲ್ಲೆಯಲ್ಲಿ ಇನ್ನೊಂದು ಸಂಗಮವಿದೆ. ಘಟಪ್ರಭೆ ಬಂದು ಕೃಷ್ಣೆಗೆ ಸೇರುವ ಆ ಜಾಗಕ್ಕೆ ಜನ ಚಿಕ್ಕಸಂಗಮ ಎನ್ನುತ್ತಾರೆ. ಅಲ್ಲಿಯೂ ಒಬ್ಬ ಸಂಗಮನಾಥನಿದ್ದಾನೆ. ಅದು ಆಲಮಟ್ಟಿಯ ಹಿನ್ನೀರಿನ ಪ್ರದೇಶ. ಕೂಡಲಸಂಗಮಕ್ಕೆ ಸಿಕ್ಕಂಥ ಗೋಡೆ, ಸೇತುವೆ, ಅಭಿವೃದ್ಧಿ ಮಂಡಳಿ ಯಾವುದೂ ಅದಕ್ಕೆ ಸಿಗಲಿಲ್ಲ. ಚಿಕ್ಕಸಂಗಮದ ಹೆಸರು ಪತ್ರಿಕೆಗೆ ಬರುವುದು ಹೆಚ್ಚಾಗಿ ಹಿನ್ನೀರಿಗೆ ವಲಸೆ ಹಕ್ಕಿಗಳು ಬಂದಿಳಿದಾಗ. ಎರಡು ಊರಿನ ನಡುವೆ ಇಷ್ಟು ಅಂತರ ಯಾಕೆ ಬಂತು ಎಂದು ಕೇಳಿದರೆ ಉತ್ತರ ಸುಲಭ: ಒಂದಕ್ಕೆ ಬಸವಣ್ಣನವರ ಹೆಸರಿದೆ, ಇನ್ನೊಂದಕ್ಕೆ ಇಲ್ಲ. ಈ ಸುಲಭದ ಉತ್ತರವನ್ನೇ ನಾವು ಪ್ರಶ್ನಿಸಬೇಕು. ಮುಳುಗಡೆಯ ಹೊತ್ತಿಗೆ ಯಾವ ಗುಡಿ ಹೆಸರುವಾಸಿಯಾಗಿದೆಯೋ ಅದನ್ನು ಉಳಿಸಿ, ಹೆಸರಿಲ್ಲದ್ದನ್ನು ನೀರಿಗೆ ಬಿಡುವುದು ನಮ್ಮ ಬರೆಯದ ನೀತಿಯಾಗಿಬಿಟ್ಟಿದೆ. ಗುಡಿಯ ಹೆಸರು ಗುಡಿಯ ಜೊತೆಗೇ ಹುಟ್ಟುವುದಿಲ್ಲ, ಎಷ್ಟೋ ಸಲ ನೂರಾರು ವರ್ಷ ತಡವಾಗಿ ಬರುತ್ತದೆ ಎಂಬುದನ್ನು ಆ ನೀತಿ ಮರೆತಿದೆ.

ಕೂಡಲಸಂಗಮವನ್ನೇ ತೆಗೆದುಕೊಳ್ಳಿ. ಹನ್ನೆರಡನೇ ಶತಮಾನದಲ್ಲಿ ಅದು ಹೊಳೆದಂಡೆಯ ಒಂದು ಶೈವ ವಿದ್ಯಾಸ್ಥಾನ. ಸಂಗಮನಾಥನ ಭಕ್ತರಿಗೆ, ವೀರಶೈವ ಲಿಂಗಾಯತ ಮಠಗಳಿಗೆ ಅದರ ಮಹಿಮೆ ಗೊತ್ತಿದ್ದೀತು. ನಾಡಿಗೆ ನಾಡೇ ಅದನ್ನು ಗುರುತಿಸಿದ್ದು ವಚನಗಳು ಓಲೆಗರಿಯಿಂದ ಅಚ್ಚಿಗೆ ಬಂದ ಮೇಲೆ. ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರ ಸಾರ' ಹೊರಬಂದದ್ದು 1923ರಲ್ಲಿ. ಮೈಸೂರು ಸಂಸ್ಥಾನ ಕನ್ನಂಬಾಡಿ ಕಟ್ಟೆಯ ಕೆಲಸ ಶುರು ಮಾಡಿದ್ದು ಅದಕ್ಕಿಂತ ಹನ್ನೆರಡು ವರ್ಷ ಮೊದಲು, 1911ರಲ್ಲಿ. ಅದೇ ವರ್ಷ ಯಾರಾದರೂ ನಾರಾಯಣಪುರದಲ್ಲಿ ಒಡ್ಡು ಹಾಕಲು ಹೊರಟಿದ್ದರೆ, ಬಸವಣ್ಣನವರ ಪ್ರತಿ ವಚನದ ಕೊನೆಯಲ್ಲೂ ಬರುವ ಆ ಅಂಕಿತದ ಊರಿಗೆ ಗೋಡೆ ಕಟ್ಟಿಸಬೇಕೆಂದು ಯಾವ ಎಂಜಿನಿಯರ್ ಬರೆದುಕೊಳ್ಳುತ್ತಿದ್ದ? ಕನ್ನಂಬಾಡಿಯಲ್ಲಿ ಏನಾಯಿತೆಂದು ನೋಡಿದರೆ ಅಂದಾಜು ಸಿಗುತ್ತದೆ. ಊರು ಹೊಸ ಕನ್ನಂಬಾಡಿಗೆ ಹೋಯಿತು. ಹೊಯ್ಸಳ ಕಾಲದ ವೇಣುಗೋಪಾಲಸ್ವಾಮಿ ಗುಡಿ ನೀರೊಳಗೆ ಉಳಿಯಿತು, ಬರಗಾಲದಲ್ಲಿ ಕಾವೇರಿ ಇಳಿದಾಗ ತಲೆ ತೋರಿಸುತ್ತಿತ್ತು. ಈ ಶತಮಾನದಲ್ಲಿ ಖೋಡೆ ಪ್ರತಿಷ್ಠಾನ ಆ ಕಲ್ಲುಗಳನ್ನು ಬಿಚ್ಚಿ ದಂಡೆಯ ಮೇಲೆ ತಂದು ಮತ್ತೆ ಕಟ್ಟಿಸಿತು. ಹೆಸರು ಬರುವವರೆಗೆ, ಹಣ ಹಾಕುವವರು ಸಿಗುವವರೆಗೆ ಆ ಗುಡಿ ಹಲವು ದಶಕ ನೀರಲ್ಲಿ ಕಾಯಬೇಕಾಯಿತು. ಕಲ್ಲಿನ ಗುಡಿಯಾದ್ದರಿಂದ ಕಾಯಿತು. ಇಟ್ಟಿಗೆ, ಮಣ್ಣು, ಗಾರೆಯದ್ದಾಗಿದ್ದರೆ ಕಾಯಲು ಏನೂ ಉಳಿಯುತ್ತಿರಲಿಲ್ಲ.

ಹೆಸರಿಲ್ಲದ ಗುಡಿಯ ಹೊಟ್ಟೆಯಲ್ಲಿ ಏನಿರಬಹುದು ಎಂಬುದಕ್ಕೆ ಭೀಮಾ ತೀರದ ಸನ್ನತಿಗಿಂತ ಗಟ್ಟಿ ಸಾಕ್ಷಿ ಬೇಡ. ಅಲ್ಲಿ ಚಂದ್ರಲಾಂಬೆಯ ಗುಡಿಗೆ ಹೆಸರಿತ್ತು. ಅದೇ ಆವರಣದ ಕಾಳಿಯ ಗುಡಿಯನ್ನು ಹೊರಗಿನವರು ಅಷ್ಟಾಗಿ ಕೇಳಿರಲಿಲ್ಲ. 1980ರ ದಶಕದಲ್ಲಿ ಆ ಗುಡಿಯ ಚಾವಣಿ ಕುಸಿಯಿತು. ಅವಶೇಷ ಎತ್ತುವಾಗ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಯಾವುದೋ ಕಾಲದಲ್ಲಿ ಮೂರ್ತಿ ಕೂರಿಸಲೆಂದು ಶಾಸನದ ಅಕ್ಷರಗಳ ನಡುವೆಯೇ ಕಂಡಿ ಕೊರೆದಿದ್ದರು. ಮುಂದೆ ಪಕ್ಕದ ಕನಗನಹಳ್ಳಿಯಲ್ಲಿ ಕೇಂದ್ರ ಪುರಾತತ್ವ ಇಲಾಖೆ ಅಗೆದಾಗ ಬೌದ್ಧ ಸ್ತೂಪವೊಂದು ಹೊರಬಂತು, ಜೊತೆಗೆ 'ರಾಯೋ ಅಸೋಕೋ' ಎಂದು ಹೆಸರು ಕೆತ್ತಿದ ಅಶೋಕನ ಉಬ್ಬುಶಿಲ್ಪವೂ ಸಿಕ್ಕಿತು. ಆಮೇಲೆ ಸನ್ನತಿಯಲ್ಲೇ ಭೀಮೆಗೆ ಬ್ಯಾರೇಜು ಕಟ್ಟಲಾಯಿತು. ಕ್ರಮ ತಿರುಗುಮುರುಗಾಗಿದ್ದರೆ, ಮೊದಲು ನೀರು ಬಂದು ಚಾವಣಿ ಆಮೇಲೆ ಕುಸಿದಿದ್ದರೆ, ಕಾಳಿಗುಡಿಯ ಪೀಠವನ್ನು ಯಾರೂ ಮಗುಚಿ ನೋಡುತ್ತಿರಲಿಲ್ಲ. ನಮ್ಮ ಇತಿಹಾಸದ ಒಂದು ಮುಖ್ಯ ಪುಟ ಚಾವಣಿ ಸಕಾಲಕ್ಕೆ ಬಿದ್ದದ್ದರಿಂದ ಉಳಿದಿದೆ ಎಂದರೆ, ಅದು ಇಲಾಖೆ ಹೆಮ್ಮೆಪಡುವ ಮಾತಲ್ಲ.

ಇಷ್ಟು ದೂರ ಹೋಗುವುದೂ ಬೇಕಿಲ್ಲ. ಗಜೇಂದ್ರಗಡದ ಹತ್ತಿರದ ಸೂಡಿಯನ್ನೇ ನೋಡಿ. ಜೋಡುಕಳಸದ ಗುಡಿ, ಮಲ್ಲಿಕಾರ್ಜುನ ಗುಡಿ, ನಾಗಕುಂಡ ಇರುವ ಸೂಡಿಯನ್ನು ಪ್ರವಾಸದ ಬಸ್ಸುಗಳು ಇಂದಿಗೂ ಬಿಟ್ಟು ಮುಂದೆ ಹೋಗುತ್ತವೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅದು ಕಿಸುಕಾಡು ಎಪ್ಪತ್ತರ ಆಡಳಿತದ ಊರು, ನಾಣ್ಯ ಅಚ್ಚು ಹಾಕುವ ಟಂಕಸಾಲೆ ಇದ್ದ ಊರು, ಅಕ್ಕಾದೇವಿಯೆಂಬ ಅರಸುಮನೆತನದ ಹೆಣ್ಣುಮಗಳು ಅಧಿಕಾರ ನಡೆಸಿದ ಊರು. ಇದೆಲ್ಲ ನಮಗೆ ಗೊತ್ತಾದದ್ದು ಊರಿನ ಕಲ್ಲುಗಳನ್ನು ಓದಿದ್ದರಿಂದ. ಸೂಡಿಯ, ರೋಣದ ಶಾಸನಗಳನ್ನು ಫ್ಲೀಟ್, ಬಾರ್ನೆಟ್ ಮೊದಲಾದವರು 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಪ್ರಕಟಿಸಿದರು. ಅಕ್ಕಾದೇವಿಯ ಕಥೆಯನ್ನು ಯಾವ ಪುರಾಣವೂ ಹೇಳುವುದಿಲ್ಲ, ಯಾವ ಲಾವಣಿಯೂ ಹಾಡಿಲ್ಲ. ಕಲ್ಲು ಹೋಗಿದ್ದರೆ ಆಕೆಯೂ ಹೋಗುತ್ತಿದ್ದಳು. ಸೂಡಿ ಹೊಳೆಯಿಂದ ದೂರ ಇದ್ದುದು ಅದರ ಪುಣ್ಯ. ಕೃಷ್ಣೆ, ಘಟಪ್ರಭೆಗಳ ದಂಡೆಯಲ್ಲಿ ಇಂಥ ಇನ್ನೆಷ್ಟು ಊರುಗಳಿದ್ದವೋ, ಅವುಗಳ ಪುಣ್ಯ ಅಷ್ಟಿರಲಿಲ್ಲ.

ಮುಳುಗಡೆಯಾಗುವ ಗುಡಿಯನ್ನು ಬಿಚ್ಚಿ ಬೇರೆ ಕಡೆ ಕಟ್ಟಿದರಾಯಿತಲ್ಲ ಎಂಬ ಮಾತು ಕೇಳಿಬರುತ್ತದೆ. ಇದರ ಗುಣದೋಷ ಎರಡನ್ನೂ ಒಂದೇ ಕಡೆ ನೋಡಬೇಕೆಂದರೆ ಶ್ರೀಶೈಲ ಜಲಾಶಯದ ಹಿನ್ನೀರಿಗೆ ಹೋಗಬೇಕು. ಇಂದು ತೆಲಂಗಾಣದಲ್ಲಿರುವ ಅಲಂಪುರದಲ್ಲಿ ಬಾದಾಮಿ ಚಾಲುಕ್ಯರು ಕಟ್ಟಿಸಿದ ನವಬ್ರಹ್ಮ ಗುಡಿಗಳಿವೆ. ನೀರು ಬರುತ್ತದೆಂದು ಗೊತ್ತಾದಾಗ ಅವುಗಳಿಗೆ ದೊಡ್ಡ ತಡೆಗೋಡೆ ಕಟ್ಟಿದರು. ತುಂಗಭದ್ರೆ ಕೃಷ್ಣೆಗೆ ಸೇರುವ ಕೂಡವೆಲ್ಲಿಯಲ್ಲಿದ್ದ ಚಾಲುಕ್ಯರ ಸಂಗಮೇಶ್ವರ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಅಲಂಪುರಕ್ಕೆ ತಂದು ನಿಲ್ಲಿಸಿದರು. ಪಾಪನಾಶಿಯ ಗುಡಿಗಳ ಗುಂಪನ್ನೂ ಹಾಗೆಯೇ ಎತ್ತರಕ್ಕೆ ಸಾಗಿಸಿದರು. ರೂಪಾಲ ಸಂಗಮೇಶ್ವರ ಕರ್ನೂಲಿನ ಜಗನ್ನಾಥ ಗಟ್ಟಿಗೆ ಹೋಯಿತು. ಸಪ್ತನದಿ ಸಂಗಮದ ಸಂಗಮೇಶ್ವರ ಮಾತ್ರ ಇದ್ದಲ್ಲೇ ಉಳಿದು, ವರ್ಷದ ಹೆಚ್ಚಿನ ಕಾಲ ನೀರಲ್ಲಿದ್ದು ಬೇಸಿಗೆಯಲ್ಲಿ ಪೂಜೆಗೆ ಹೊರಬರುತ್ತದೆ. ಒಂದೇ ಜಲಾಶಯದಲ್ಲಿ ಗೋಡೆ, ಸ್ಥಳಾಂತರ, ಮುಳುಗಡೆ ಮೂರೂ ನಡೆದವು. ನೆರೆಯವರು ನಮಗಿಂತ ಹೆಚ್ಚು ಶ್ರದ್ಧೆಯಿಂದ ಕೆಲಸ ಮಾಡಿದರು ಎಂಬುದನ್ನು ಒಪ್ಪಲೇಬೇಕು. ಆದರೂ ಕೂಡವೆಲ್ಲಿಯ ಗುಡಿಯ ಮುಂದೆ ಈಗ ಸಂಗಮವಿಲ್ಲ. ಎರಡು ನದಿ ಕೂಡುವ ಜಾಗ ಎಂಬ ಒಂದೇ ಕಾರಣಕ್ಕೆ ಅಲ್ಲಿ ಹುಟ್ಟಿದ ದೇವರು, ಆ ಕಾರಣವನ್ನು ಬಿಟ್ಟು ಬಂದು ಕೂತಿದ್ದಾನೆ. ಸ್ಥಳಾಂತರದಿಂದ ಶಿಲ್ಪ ಉಳಿಯುತ್ತದೆ. ಗುಡಿಗೂ ಹೊಳೆಗೂ, ಗುಡಿಗೂ ಅದರ ಸುತ್ತಲ ಹೊಲ, ಘಟ್ಟ, ಜಾತ್ರೆಯ ದಾರಿಗೂ ಇದ್ದ ಸಂಬಂಧ ಉಳಿಯುವುದಿಲ್ಲ. ಆ ಸಂಬಂಧವನ್ನು ಬಿಚ್ಚುವ ಮುನ್ನ ಅಳೆದು, ಬರೆದು, ಚಿತ್ರ ತೆಗೆದು ಇಟ್ಟರೆ ಓದುವವರಿಗಾದರೂ ಸಿಗುತ್ತದೆ. ಕೂಡಲಸಂಗಮದ ಗೋಡೆ ನನಗೆ ಹೆಚ್ಚು ಸರಿ ಎನಿಸುವುದು ಇದಕ್ಕೇ. ನದಿಯ ದಂಡೆ ಕೆರೆಯ ದಂಡೆಯಂತಾದರೂ ಲಿಂಗ ಅದೇ ನೆಲದಲ್ಲಿದೆ.

ಈಗ ಕಾನೂನು ಏನು ಹೇಳುತ್ತದೆ ನೋಡೋಣ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಯೋಜನೆಗೆ ಮುನ್ನ ಸಾಮಾಜಿಕ ಪರಿಣಾಮದ ಅಧ್ಯಯನ ನಡೆಯಬೇಕು. ಅದರಲ್ಲಿ ಪೂಜಾಸ್ಥಳಗಳ ಉಲ್ಲೇಖ ಇದೆ. ಎಲ್ಲಿ ಎಂದರೆ ಅಂಚೆ ಕಚೇರಿ, ನ್ಯಾಯಬೆಲೆ ಅಂಗಡಿ, ಗೋದಾಮು, ಅಂಗನವಾಡಿ, ಮಕ್ಕಳ ಉದ್ಯಾನಗಳ ಸಾಲಿನಲ್ಲಿ. ಪುನರ್ವಸತಿ ಕೇಂದ್ರದಲ್ಲಿ ಐವತ್ತು ಕುಟುಂಬಕ್ಕೊಂದು ಪೂಜಾಸ್ಥಳ, ಒಂದು ಕಟ್ಟೆ ಇರಲಿ ಎಂದು ಅದೇ ಕಾಯ್ದೆಯ ಅನುಸೂಚಿ ಹೇಳುತ್ತದೆ. ಊರು ಬಿಟ್ಟ ಜನರಿಗೆ ಇದು ಬೇಕಾದ ಅನುಕೂಲವೇ, ತಕರಾರಿಲ್ಲ. ತೊಡಕಿರುವುದು ಲೆಕ್ಕದ ರೀತಿಯಲ್ಲಿ. ಗುಡಿಯನ್ನು ಒಂದು ಸೌಲಭ್ಯ ಎಂದು ಎಣಿಸಿದ ಮೇಲೆ, ಹಳೆಯದು ಹೋದರೆ ಹೊಸದೊಂದು ಕಟ್ಟಿಕೊಟ್ಟರೆ ಲೆಕ್ಕ ಚುಕ್ತಾ. ಒಂಬೈನೂರು ವರ್ಷದ ಶಾಸನ ಇದ್ದ ಗುಡಿಗೂ ಮೊನ್ನೆ ಪತ್ರಾಸು ಹೊದಿಸಿದ ಗುಡಿಗೂ ಆ ಕಾಗದದಲ್ಲಿ ವ್ಯತ್ಯಾಸವಿಲ್ಲ. ಸ್ಮಾರಕಗಳ ರಕ್ಷಣೆಗೆ 1958ರ ಕೇಂದ್ರದ ಕಾಯ್ದೆ, 1961ರ ರಾಜ್ಯದ ಕಾಯ್ದೆ ಇವೆ. ಅವು ಕಾಯುವುದು ಪಟ್ಟಿಯಲ್ಲಿ ಹೆಸರಿರುವುದನ್ನು. ಹೆಸರಿದ್ದರೆ ಪಟ್ಟಿ, ಪಟ್ಟಿಯಿದ್ದರೆ ಗೋಡೆ ಎಂಬ ಅದೇ ಸುತ್ತಿಗೆ ಮತ್ತೆ ಬಂದೆವು. ಹೊಲಗದ್ದೆಗಳ ನಡುವಿನ ವೀರಗಲ್ಲು, ಮಾಸ್ತಿಗಲ್ಲು, ಅಗಸಿಯ ಬಳಿ ಅರ್ಧ ಹೂತ ಶಾಸನಗಳಂತೂ ಎರಡೂ ಲೆಕ್ಕದಿಂದ ಹೊರಗೆ.

ಎದುರಿಗೆ ಬರುವ ದೊಡ್ಡ ಮಾತು ಒಂದಿದೆ: ಜನರಿಗೆ ನೀರು ಬೇಕೋ, ಕಲ್ಲು ಬೇಕೋ? ರೋಣ, ನರಗುಂದ, ಗಜೇಂದ್ರಗಡದ ಕಡೆ ನಿಂತು ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕಲು ಯಾರಿಗೂ ಬಾಯಿ ಬರುವುದಿಲ್ಲ. ಮಲಪ್ರಭೆಯ ಕಾಲುವೆಗೆ ನೀರು ಸರಿಯಾಗಿ ಬಾರದಿದ್ದರೂ ಅಭಿವೃದ್ಧಿ ಕರ ಕಟ್ಟಿ ಎಂದದ್ದಕ್ಕೆ 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಬಂಡೆದ್ದರು, ಗೋಲಿಬಾರಿನಲ್ಲಿ ಪ್ರಾಣ ಕೊಟ್ಟರು. ಮಹದಾಯಿ ನೀರಿಗಾಗಿ 2015ರಿಂದ ನರಗುಂದದಲ್ಲಿ ಧರಣಿ ಕೂತವರೂ ಇದೇ ಜನ. ಎರೆಹೊಲಕ್ಕೆ ಮಳೆಯನ್ನೇ ನಂಬಿದವರ ಮುಂದೆ ಅಣೆಕಟ್ಟು ಬೇಡ ಎನ್ನುವುದು ಅನ್ಯಾಯ, ನಾನು ಹಾಗೆ ಹೇಳುತ್ತಲೂ ಇಲ್ಲ. ಕೂಡಲಸಂಗಮದ ಗೋಡೆಯಿಂದ ಬಸವಸಾಗರದಲ್ಲಿ ನೀರು ನಿಲ್ಲುವುದು ತಪ್ಪಲಿಲ್ಲ. ನವಬ್ರಹ್ಮ ಗುಡಿಗಳಿಗೆ ಕಟ್ಟಿದ ಗೋಡೆಯಿಂದ ಶ್ರೀಶೈಲದ ವಿದ್ಯುತ್ತು ನಿಲ್ಲಲಿಲ್ಲ. ನೀರೋ ಕಲ್ಲೋ ಎಂಬ ಪ್ರಶ್ನೆ ಎದ್ದು ನಿಲ್ಲುವುದು ಕಲ್ಲಿನ ಯೋಚನೆ ಕೊನೇ ಗಳಿಗೆಗೆ ಬಂದಾಗ, ಗೇಟು ಇಳಿಸುವ ದಿನ ಗೊತ್ತಾದ ಮೇಲೆ. ಮೊದಲೇ ಯೋಚಿಸಿದ ಕಡೆಗಳಲ್ಲಿ ಎರಡೂ ಸಿಕ್ಕಿವೆ. ನಾಗಾರ್ಜುನಕೊಂಡದಲ್ಲಿ ಪುರಾತತ್ವದವರು 1954ರಿಂದ 1960ರವರೆಗೆ ಆರು ವರ್ಷ ಕಣಿವೆಯನ್ನು ಅಗೆದು, ಮುಖ್ಯವಾದುದನ್ನು ಗುಡ್ಡದ ಮೇಲಕ್ಕೂ ಅನುಪುವಿಗೂ ಸಾಗಿಸಿದರು. ಆ ಕಣಿವೆಯಲ್ಲಿ ಇಂದು ನಾಗಾರ್ಜುನಸಾಗರ ತುಂಬಿ ನಿಂತಿದೆ, ಅದರ ನೀರಿನಲ್ಲಿ ಭತ್ತವೂ ಬೆಳೆಯುತ್ತಿದೆ.

ಇನ್ನೊಂದು ಆಕ್ಷೇಪ ಭಕ್ತರ ಕಡೆಯಿಂದ ಬರುತ್ತದೆ. ದೇವರನ್ನು ವಿಧಿಪೂರ್ವಕ ಕಳೆ ತೆಗೆದು ಹೊಸ ಮೂರ್ತಿಗೆ, ಹೊಸ ಗುಡಿಗೆ ತುಂಬುವುದು ಆಗಮದಲ್ಲೇ ಇದೆ, ಅದಕ್ಕೆ ಕಲಾಕರ್ಷಣ ಎಂಬ ಕ್ರಮವೇ ಇದೆ. ದೇವರೇ ಹೊರಟುಬಂದ ಮೇಲೆ ಖಾಲಿ ಗುಡಿಯ ಚಿಂತೆ ಯಾಕೆ ಎನ್ನುತ್ತಾರೆ. ಪೂಜೆ ನಡೆಸುವವರ ಮಟ್ಟಿಗೆ ಈ ಮಾತು ಪೂರ್ತಿ ಸರಿ. ಆಲಮಟ್ಟಿಗಾಗಿ ಊರು ಬಿಟ್ಟ ಹಳ್ಳಿಗಳು ನೂರಕ್ಕೂ ಹೆಚ್ಚು. ಆ ಜನ ದೇವರನ್ನು ಹೊತ್ತುಕೊಂಡೇ ಪುನರ್ವಸತಿ ಕೇಂದ್ರಕ್ಕೆ ಬಂದರು, ಅಲ್ಲಿ ಗುಡಿ ಕಟ್ಟಿಕೊಂಡರು, ಜಾತ್ರೆ ಬಿಡಲಿಲ್ಲ. ಅವರ ಭಕ್ತಿಗೆ ಸರ್ಕಾರದಿಂದ ಕಲಿಯಬೇಕಾದದ್ದೇನೂ ಇಲ್ಲ. ಆದರೆ ಒಂದು ಗುಡಿಯೊಳಗೆ ದೇವರ ಜೊತೆ ಬೇರೆಯವರೂ ಇರುತ್ತಾರೆ. ದತ್ತಿ ಬಿಟ್ಟ ಗಾವುಂಡ, ಅದಕ್ಕೆ ಸಾಕ್ಷಿ ನಿಂತ ಎಣ್ಣೆಗಾಣದವರು, ಹೆಸರು ಕೆತ್ತಿಕೊಂಡ ರೂವಾರಿ, ತುರುಗೋಳಿನಲ್ಲಿ ಸತ್ತ ಹುಡುಗ. ಇವರಿಗೆ ಕಲಾಕರ್ಷಣವಿಲ್ಲ. ಇವರನ್ನು ಹೊಸ ಊರಿಗೆ ಕರೆತರಲು ಇರುವ ದಾರಿ ಶಾಸನದ ಪಡಿಯಚ್ಚು ತೆಗೆದು ಓದುವುದೊಂದೇ.

ಎಲ್ಲವನ್ನೂ ಉಳಿಸಲು ಆಗುತ್ತದೆಯೇ, ಅಷ್ಟು ಹಣ ಎಲ್ಲಿದೆ ಎಂದು ಕೇಳುವವರಿಗೂ ಉತ್ತರ ಕೊಡಬೇಕು. ಎಲ್ಲವನ್ನೂ ಉಳಿಸಲು ಆಗುವುದಿಲ್ಲ. ನಾನು ಕೇಳುತ್ತಿರುವುದು ಎಲ್ಲವನ್ನೂ ದಾಖಲಿಸಲು. ಗುಡಿಯ ಅಳತೆಯ ನಕ್ಷೆ, ಎಲ್ಲ ಬದಿಯ ಚಿತ್ರ, ಪ್ರತಿ ಶಾಸನದ ಪಡಿಯಚ್ಚು, ಬಿಡಿ ಶಿಲ್ಪಗಳ ಪಟ್ಟಿ, ಗುಡಿಯ ಸುತ್ತ ಜನ ಹೇಳುವ ಕಥೆ, ಜಾತ್ರೆಯ ಕ್ರಮ, ಸಾಧ್ಯವಿದ್ದ ಕಡೆ ತಳಪಾಯದ ಪಕ್ಕ ಒಂದು ಪರೀಕ್ಷಾ ಗುಂಡಿ. ಇಷ್ಟಾದ ಮೇಲೆ ಯಾವುದಕ್ಕೆ ಗೋಡೆ, ಯಾವುದು ಸ್ಥಳಾಂತರ, ಯಾವುದನ್ನು ನೀರಿಗೆ ಬಿಡುವುದು ಎಂದು ತಿಳಿದವರು ಕೂತು ತೀರ್ಮಾನಿಸಲಿ. ತೀರ್ಮಾನ ತಪ್ಪಾದರೂ ಮುಂದಿನವರಿಗೆ ಕಾಗದ ಉಳಿದಿರುತ್ತದೆ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ ಗ್ರಾಮವಾರು ಸಮೀಕ್ಷೆ ಮಾಡಿ ತಾಲ್ಲೂಕುಗಳ ಪುಸ್ತಕ ತಂದಿದೆ, ಕೆಲಸ ಗೊತ್ತಿಲ್ಲದ ಇಲಾಖೆಯೇನೂ ಅಲ್ಲ. ಹಣದ ಮಾತಿಗೆ ಬಂದರೆ, ಆಲಮಟ್ಟಿಯ ನೀರಿನ ಮಟ್ಟ ಏರಿಸುವ ಕೃಷ್ಣಾ ಮೇಲ್ದಂಡೆ ಮೂರನೇ ಹಂತದ ಮುಳುಗಡೆ ಜಮೀನಿಗೆ 2025ರ ಸೆಪ್ಟೆಂಬರಿನಲ್ಲಿ ಸಂಪುಟ ಒಪ್ಪಿದ ದರ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಭೂಮಿಗೆ 30 ಲಕ್ಷ. ರೈತರ ನೆಲಕ್ಕೆ ಆ ಬೆಲೆ ನ್ಯಾಯವೇ. ಮುಳುಗುವುದು 75 ಸಾವಿರಕ್ಕೂ ಹೆಚ್ಚು ಎಕರೆ. ಅಂಥ ಯೋಜನೆಯಲ್ಲಿ ಹಳ್ಳಿಗೊಂದು ದಾಖಲಾತಿ ತಂಡ ಕಳಿಸುವ ಖರ್ಚು ಲೆಕ್ಕಪತ್ರದಲ್ಲಿ ಎದ್ದು ಕಾಣುವಷ್ಟೂ ಆಗುವುದಿಲ್ಲ.

ಅಣೆಕಟ್ಟಿನ ಕೆಳಗಿನ ಗುಡಿಗಳ ಪಾಡು ಬೇರೆಯದೇ ವಿಷಯ, ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಜಲಾಶಯ ತುಂಬಿ ಮಲಪ್ರಭೆಗೆ ನೀರು ಬಿಟ್ಟಾಗ, 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಪಟ್ಟದಕಲ್ಲಿನ ಗುಡಿಗಳೇ ನೀರಲ್ಲಿ ನಿಂತವು. ಅತಿ ದೊಡ್ಡ ಹೆಸರಿದ್ದದ್ದಕ್ಕೂ ಈ ಗತಿ ಬಂದ ಮೇಲೆ, ಹೆಸರಿಲ್ಲದ್ದನ್ನು ಯಾರು ವಿಚಾರಿಸುತ್ತಾರೆ?

ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅಧಿಸೂಚನೆ, ನೆರೆರಾಜ್ಯಗಳ ತಕರಾರು, ಪರಿಹಾರದ ದರ ಎಂದು ವರ್ಷಗಳು ಉರುಳಿವೆ. ಈ ವಿಳಂಬ ಸಂತ್ರಸ್ತರ ಪಾಲಿಗೆ ಶಾಪವಾಗಿದೆ. ಗುಡಿಗಳ ಮಟ್ಟಿಗೆ ಮಾತ್ರ ಅದು ತಾನಾಗಿ ಸಿಕ್ಕ ಅವಕಾಶ. ಚಿಕ್ಕಸಂಗಮದಿಂದ ಹಿಡಿದು ಹೊಸ ಮುಳುಗಡೆಯ ಗೆರೆಯೊಳಗೆ ಬರುವ ಪ್ರತಿ ಊರಿನ ಗುಡಿ, ಶಾಸನ, ವೀರಗಲ್ಲುಗಳ ಪಟ್ಟಿಯನ್ನು ಕೃಷ್ಣಾ ಭಾಗ್ಯ ಜಲ ನಿಗಮ ಮತ್ತು ಪುರಾತತ್ವ ಇಲಾಖೆ ಒಟ್ಟಾಗಿ ಮಾಡಿಸಿ, ಗೇಟು ಎತ್ತರಿಸುವ ಮೊದಲು ಕನ್ನಡದಲ್ಲಿ ಪ್ರಕಟಿಸಬೇಕು. ಬಾಗಲಕೋಟೆ, ವಿಜಯಪುರದ ಶಾಸಕರು ಪರಿಹಾರದ ದರಕ್ಕೆ ಸದನದಲ್ಲಿ ಎದ್ದು ನಿಂತ ಹಾಗೆ ಈ ಪಟ್ಟಿಗೂ ಒಮ್ಮೆ ಎದ್ದು ನಿಲ್ಲಲಿ. ಮುಳುಗಡೆ ಗೆರೆಯೊಳಗಿನ ಊರಿನವರು ಅಹವಾಲು ಸಭೆಗೆ ಹೋಗುವಾಗ ಮನೆ, ಹೊಲ, ಬಾವಿ, ಗಿಡಮರಗಳ ಲೆಕ್ಕದ ಜೊತೆಗೆ ತಮ್ಮೂರಿನಲ್ಲಿ ಬರಹವಿರುವ ಕಲ್ಲುಗಳು ಎಲ್ಲೆಲ್ಲಿವೆ ಎಂಬುದನ್ನೂ ಅರ್ಜಿಯಲ್ಲಿ ಬರೆಸಿ, ಅಧಿಕಾರಿಯ ಸಹಿ ಹಾಕಿಸಿಕೊಂಡು ಒಂದು ಪ್ರತಿ ಮನೆಯಲ್ಲಿಟ್ಟುಕೊಳ್ಳಲಿ.